ಎಡ ಮೂಲೆಯ ಕಪ್ಪು

ಕಳೆದ ವಾರ ಮುಂಬೈ ಲೋಕಲ್ ಟ್ರೇನಿನ ಲೇಡೀಸ್ ಡಬ್ಬಿಯಲ್ಲಿ ನನ್ನ ಭುಜಕ್ಕೆ ತಾಗಿ ನಿಂತ ಹೆಂಗಸೊಬ್ಬಳಿಂದ ಬೇಬಿ ಪೌಡರಿಗೆ ಕರ್ಪೂರದ ಎಣ್ಣೆ ಬೆರೆತಂಥ ವಾಸನೆ ಬಂತು. ತಟ್ಟನೆ ತಲೆಯೆತ್ತಿ ನೋಡಿದೆ. ಬೇರೆ ಯಾರೋ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಬಾಗಿಲ ಕಡೆ ನೋಡುತ್ತಿದ್ದಳು. ಆದರೂ ಅಂಧೇರಿ ಬರುವವರೆಗೆ ನನಗೆ ಕೈಯಲ್ಲಿದ್ದ ಪುಸ್ತಕದ ಒಂದು ಸಾಲೂ ತಲೆಗೆ ಹೋಗಲಿಲ್ಲ. ಆ ವಾಸನೆ ಎರಡು ವರ್ಷದ ಹಿಂದೆ ದಹಿಸರ್‌ನಲ್ಲಿ ಹತ್ತುತ್ತಿದ್ದ, ನಾನು ಬರೀ ಅಕ್ಕ ಎಂದು ಕರೆಯುತ್ತಿದ್ದ ಹೆಂಗಸಿನದು.

ನಾನು ಕಾಲೇಜಿನಲ್ಲಿ ಡಿಬೇಟ್ ಮಾಡಿ ಬೆಳೆದವಳು. ಯಾವ ವಿಷಯ ಕೊಟ್ಟರೂ ಪರವಾಗಿ ಏಳು ನಿಮಿಷ, ವಿರುದ್ಧವಾಗಿ ಏಳು ನಿಮಿಷ ಮಾತಾಡಬಲ್ಲೆ. ಗೆದ್ದ ವಾದಗಳಲ್ಲಿ ವಾಪಸ್ ತೆಗೆದುಕೊಳ್ಳಬೇಕು ಅನಿಸುವುದು ಒಂದೇ ಒಂದು. ಅದನ್ನು ಅಕ್ಕನ ಜೊತೆ ಗೆದ್ದೆ.

ನಮ್ಮ ಲೋಕಲ್ ಹೊರಡುವುದು ಭಾಯಂದರ್‌ನಿಂದ. ಅಲ್ಲೇ ಹತ್ತುವ ನನಗೆ ಸೀಟು ಸಿಗುತ್ತದೆ. ದಹಿಸರ್‌ನಲ್ಲಿ ಹತ್ತುವವರಿಗೆ ಸಿಗುವುದಿಲ್ಲ. ಹಾಗಾಗಿ ಕಾಂದಿವಲಿ ಬಂದರೆ ಕೂತವರು ಎದ್ದು, ನಿಂತವರಿಗೆ ಸೀಟು ಬಿಟ್ಟುಕೊಡಬೇಕು. ಎಲ್ಲೂ ಬರೆದಿಡದ ಕಾನೂನು, ಆದರೆ ಮುರಿದವಳನ್ನು ಡಬ್ಬಿ ಕ್ಷಮಿಸುವುದಿಲ್ಲ. ಅಕ್ಕ ನನ್ನ ಮುಂದೆ ನಿಂತು ನನ್ನ ಸೀಟಿಗೆ ಕಾಯುವವರು. ಊರು ವಿಜಯಪುರದ ಕಡೆ, ಅಂಧೇರಿಯ ಯಾವುದೋ ಆಫೀಸಿನಲ್ಲಿ ಚಹಾ, ಫೈಲು ನೋಡಿಕೊಳ್ಳುವ ಕೆಲಸ. ನಾನು ಫೋನಿನಲ್ಲಿ ಅಮ್ಮನ ಜೊತೆ ಜಗಳವಾಡುವುದನ್ನು ಕೇಳಿಸಿಕೊಂಡು, ನಾನು ಕನ್ನಡದವಳೆಂದು ಕಂಡುಹಿಡಿದಿದ್ದರು.

ಆಗ ನನಗೆ ಫೋಟೋ ಹುಚ್ಚು. ಆನ್‌ಲೈನ್ ಗುಂಪೊಂದರಲ್ಲಿ ಹಾಕಿ, ಗುರುತಿಲ್ಲದವರಿಂದ ಬೈಸಿಕೊಂಡು, ಅವರಿಗೆ ಪುಟಗಟ್ಟಲೆ ಉತ್ತರ ಬರೆಯುತ್ತಿದ್ದೆ. ಪವಾಯಿ ಕೆರೆಯ ಫೋಟೋಗೆ ಒಬ್ಬ 'ಕ್ಯಾಲೆಂಡರಿಗೆ ಆದೀತು' ಎಂದು ಬರೆದ ದಿನ ನಾನು ಹಲ್ಲು ಕಚ್ಚಿಕೊಂಡು ಟೈಪ್ ಮಾಡುತ್ತಿದ್ದಾಗ ಅಕ್ಕ ಮೇಲಿನಿಂದ ಬಗ್ಗಿ ನೋಡಿದರು.

"ಇಲ್ಲಿಗೆ ಯಾರ ಜೋಡಿ ಹೋಗಿದ್ರಿ?"

ಒಬ್ಬಳೇ ಎಂದೆ.

"ಹೌದನ್ರಿ... ಕಾಣ್ತದ."

ಇಡೀ ಗುಂಪಿನಲ್ಲಿ ಯಾರೂ ಹೇಳದ ಮಾತು, ನಿಜವೂ ಹೌದು. ಸಿಟ್ಟು ಬಂತು.

ಮರುದಿನದಿಂದ ಅಕ್ಕ ತಮ್ಮ ಫೋಟೋಗಳನ್ನು ತೋರಿಸತೊಡಗಿದರು. ದಿನಕ್ಕೊಂದು. ಫೋನನ್ನು ನನ್ನ ಮೂಗಿನ ಮುಂದೆ ಹಿಡಿದು, "ಏನ್ರಿ ವಕೀಲ್ರ, ಇವತ್ತ ಯಾವ ಕಲಂ ಹಾಕ್ತೀರಿ?" ಅನ್ನುವರು. ದಹಿಸರ್‌ನಿಂದ ಕಾಂದಿವಲಿಯವರೆಗೆ ವಿಚಾರಣೆ, ಆಮೇಲೆ ಸೀಟು ಬದಲು. ಪ್ರತಿ ಫೋಟೋ ಒಂದೇ ಕಿಟಕಿಯದು: ಎದುರು ಬಿಲ್ಡಿಂಗಿನ ನೀರಿನ ಟ್ಯಾಂಕು, ಒಂದು ಬಾದಾಮಿ ಮರದ ತುದಿ, ಟೆರೇಸಿನ ಮೇಲೆ ಹೊದಿಸಿದ ನೀಲಿ ತಾಡಪತ್ರಿ. ಒಂದು ದಿನ ಟ್ಯಾಂಕಿನ ಮೇಲೆ ಹದ್ದು, ಒಂದು ದಿನ ಬರೀ ಮೋಡ. ಮತ್ತು ಎಲ್ಲದರಲ್ಲೂ ಎಡ ಮೂಲೆಯಲ್ಲಿ ಕಪ್ಪಗೆ, ಮಸುಕಾಗಿ ಏನೋ ಒಂದು. ಬೆಳಕು ಬಿದ್ದ ದಿನ ಅದರ ಅಂಚು ಕೂದಲಿನ ಹಾಗೆ ಹೊಳೆಯುತ್ತಿತ್ತು. ಪರದೆಯ ಕುಚ್ಚು ಇರಬೇಕು ಎಂದುಕೊಂಡೆ. ಅದೇನು ಎಂದು ಕೇಳಲಿಲ್ಲ.

ಆ ಕಪ್ಪನ್ನು ತೆಗೆಸುವುದೇ ನನ್ನ ಹಟವಾಯಿತು. ಮೊದಲನೆಯದಾಗಿ, ಅದು ಕಣ್ಣನ್ನು ಎಳೆಯುತ್ತದೆ. ಎರಡನೆಯದಾಗಿ, ಅದರಿಂದ ಫೋಟೋಗೆ ಏನೂ ಲಾಭವಿಲ್ಲ. ಮೂರನೆಯದಾಗಿ, ಎರಡು ಹೆಜ್ಜೆ ಬಲಕ್ಕೆ ಸರಿದರೆ ಅದು ಇರುವುದೇ ಇಲ್ಲ, ಸರಿಯಲು ನಿಮಗೇನು ಕಷ್ಟ? ಅಕ್ಕ ಪ್ರತಿಸಲ ನಗುತ್ತ, ಅಲ್ಲಿಂದ ನೋಡಿದರೆ ಹಾಗೇ ಕಾಣುವುದು ಎನ್ನುವರು. ಅದು ವಾದವಲ್ಲ, ಸೋಮಾರಿತನ ಎಂದು ಒಂದು ದಿನ ಹೇಳಿಯೂ ಬಿಟ್ಟೆ. ಅದಕ್ಕೂ ನಕ್ಕರು. ನಾನು ಅವರ ಹೆಸರು ಕೇಳಲಿಲ್ಲ, ನಂಬರ್ ತೆಗೆದುಕೊಳ್ಳಲಿಲ್ಲ. ನಾಳೆ ಇದೇ ಡಬ್ಬಿ, ಇದೇ ಸೀಟು... ಅದರ ಅಗತ್ಯವೇ ತೋಚಿರಲಿಲ್ಲ. ನಿಜ ಹೇಳಬೇಕೆಂದರೆ ದಿನದಲ್ಲಿ ನಾನು ಕನ್ನಡದಲ್ಲಿ ನಗುತ್ತಿದ್ದದ್ದು ಆ ಕೆಲವೇ ನಿಮಿಷ. ಆಫೀಸಿನಲ್ಲಿ ನನ್ನ ಜೊತೆ ಊಟಕ್ಕೆ ಕೂರುವವರು ಆಗಲೇ ಕಡಿಮೆಯಾಗಿದ್ದರು. ವಾದಿಸುವವಳ ಎದುರು ಊಟದ ಡಬ್ಬಿ ಬಿಚ್ಚಲು ಯಾರಿಗೆ ಬೇಕು?

ಮಳೆ ಮುಗಿಯುವ ಹೊತ್ತಿಗೆ ಅಕ್ಕ ಎರಡು ವಾರ ಬರಲಿಲ್ಲ. ರಜೆಯಲ್ಲಿ ಊರಿಗೆ ಹೋಗಿರಬೇಕು ಎಂದು ನಾನೇ ತೀರ್ಮಾನಿಸಿದೆ. ಬಂದ ದಿನ ತಾವಾಗಿ ಫೋನ್ ತೆಗೆಯಲಿಲ್ಲ. ಎಲ್ಲಿ ಇವತ್ತಿನ ಆರೋಪಿ ಎಂದು ನಾನೇ ಕೇಳಿದೆ. ಚೀಲದಿಂದ ಫೋನ್ ತೆಗೆದು ತೋರಿಸಿದರು. ಟ್ಯಾಂಕು, ಬಾದಾಮಿ ಮರ, ತೊಳೆದಂಥ ಬೆಳಕು. ಎಡ ಮೂಲೆ ಖಾಲಿ. ನನಗೆ ಆದ ಖುಷಿ ಈಗಲೂ ನೆನಪಿದೆ. ಪಕ್ಕದವರು ತಿರುಗಿ ನೋಡುವಷ್ಟು ಜೋರಾಗಿ ಹೇಳಿದೆ, "ನೋಡಿ, ಈಗ ಫೋಟೋ ಆಯ್ತು. ನಾನು ಮೊದಲಿಂದ ಹೇಳ್ತಿದ್ದದ್ದು ಇದನ್ನೇ."

ಅಕ್ಕ ಫೋನನ್ನು ಒಂದು ಸಲ ತಮ್ಮ ಕಡೆ ತಿರುಗಿಸಿಕೊಂಡು ನೋಡಿದರು.

"ಹೌದ್ರಿ. ಈಗ ಏನೂ ಅಡ್ಡ ಇಲ್ಲ."

ಕಾಂದಿವಲಿಯಲ್ಲಿ ನಾನು ಎದ್ದೆ. ಅವರು ಕೂರಲಿಲ್ಲ. ಕೈಸನ್ನೆಯಲ್ಲಿ ನನ್ನನ್ನೇ ಕೂರಿಸಿ ಬಾಗಿಲ ಕಡೆ ಹೋದರು. ಅವತ್ತಿನ ಮೇಲೆ ಆ ಡಬ್ಬಿಗೆ ಬರಲಿಲ್ಲ.

ತಿಂಗಳು ಕಳೆದ ಮೇಲೆ, ಎದುರು ಸೀಟಿನ ಮಂಗಳೂರಿನ ಆಂಟಿಯನ್ನು, ಅಕ್ಕ ಟ್ರೇನ್ ಬದಲಾಯಿಸಿದರೋ ಏನೋ ಎಂದು ಕೇಳಿದೆ. ಆಂಟಿ ಸೊಪ್ಪು ಬಿಡಿಸುತ್ತಿದ್ದ ಕೈ ನಿಲ್ಲಿಸಿದರು.

"ಅವಳ ತಂಗಿ ತೀರಿಹೋದ್ಳಲ್ಲ, ನಿಂಗೆ ಗೊತ್ತಿಲ್ವಾ? ದಿನಾ ಮಾತಾಡ್ತಿದ್ದದ್ದು ನೀವಿಬ್ರೇ ಅಲ್ವಾ ಮಾರಾಯ್ತಿ?"

ಗೊತ್ತಿಲ್ಲ ಎಂದೆ. ತಂಗಿ ಮೂರು ವರ್ಷದಿಂದ ಹಾಸಿಗೆಯಲ್ಲೇ ಇದ್ದಳಂತೆ. ಸೊಂಟದ ಕೆಳಗೆ ಸ್ವಾಧೀನವೇ ಇಲ್ಲ. ಹಗಲೆಲ್ಲ ಕಿಟಕಿಯೇ ಅವಳಿಗೆ ಗತಿ. ಅಕ್ಕ ಕೆಲಸಕ್ಕೆ ಹೊರಡುವ ಮುಂಚೆ ನೆಲಕ್ಕೆ ಮಂಡಿಯೂರಿ, ತಂಗಿಯ ತಲೆಗೆ ತಲೆ ತಾಗಿಸಿ, ಅವಳಿಗೆ ಕಾಣುವುದನ್ನೇ ಒಂದು ಫೋಟೋ ಹೊಡೆದುಕೊಂಡು ಬರುತ್ತಿದ್ದರಂತೆ. ಸಂಜೆ ಮನೆಗೆ ಹೋದರೆ ತಂಗಿಯ ಮೊದಲ ಪ್ರಶ್ನೆ, ಇವತ್ತು ವಕೀಲರು ಏನಂದರು ಎನ್ನುವುದು. ತನ್ನ ಕೂದಲಿಗೆ ನಾನು ಹಾಕುತ್ತಿದ್ದ ಆರೋಪಗಳನ್ನೆಲ್ಲ ಕೇಳಿ ಬಿದ್ದು ಬಿದ್ದು ನಗುತ್ತಿದ್ದಳಂತೆ...

ಇದೆಲ್ಲ ನಿಮಗೆ ಹೇಗೆ ಗೊತ್ತು ಎಂದೆ. ನನ್ನ ದನಿಯಲ್ಲಿ ಆಗಲೂ ಪಾಟೀಸವಾಲು ಇತ್ತು.

"ಕೇಳಿದೆ, ಹೇಳಿದ್ಳು. ಅದ್ರಲ್ಲಿ ಏನುಂಟು?"

ಆಂಟಿ ಮತ್ತೆ ಸೊಪ್ಪು ಬಿಡಿಸತೊಡಗಿದರು. ಅಕ್ಕನ ಹೆಸರು ಅವರಿಗೂ ಗೊತ್ತಿರಲಿಲ್ಲ.

ಮೊನ್ನೆ ಆ ವಾಸನೆ ಬಂದ ಮೇಲೆ, ಹೋದ ಭಾನುವಾರ, ಅಕ್ಕನನ್ನು ಹುಡುಕಿಕೊಂಡು ದಹಿಸರ್‌ನಲ್ಲಿ ಇಳಿದೆ. ಏನು ಹೇಳಬೇಕೆಂದು ಸಿದ್ಧಮಾಡಿಕೊಂಡಿರಲಿಲ್ಲ. ತಪ್ಪಾಯಿತು ಎನ್ನುವುದನ್ನು ಮೂರು ಅಂಶಗಳಾಗಿ ಒಡೆಯಲು ಬರುವುದಿಲ್ಲ. ಆ ಕಿಟಕಿಯಿಂದ ಏನೇನು ಕಾಣುತ್ತದೆ ಎನ್ನುವುದು ನನಗೆ ಬಾಯಿಪಾಠ. ಕಿಟಕಿ ಹೇಗಿದೆ ಎನ್ನುವುದು ಮಾತ್ರ ಗೊತ್ತಿಲ್ಲ. ಬಾದಾಮಿ ಮರಗಳು ಅಲ್ಲಿ ಗಲ್ಲಿಗೊಂದು, ಟ್ಯಾಂಕುಗಳು ಬಿಲ್ಡಿಂಗಿಗೊಂದು. ಎರಡೂ ಅಕ್ಕಪಕ್ಕ ಇರುವ ನಾಲ್ಕನೆಯ ಜಾಗದಲ್ಲಿ, ಮರಕ್ಕೆ ಬೆನ್ನು ಕೊಟ್ಟು, ಎದುರಿನ ಕಿಟಕಿಗಳನ್ನು ಒಂದೊಂದಾಗಿ ನೋಡುತ್ತ ನಿಂತೆ.

ಎರಡನೆಯ ಮಹಡಿಯಲ್ಲಿ ಚಾದರ ಕೊಡವುತ್ತಿದ್ದ ಹೆಂಗಸು ನನ್ನನ್ನು ಬಹಳ ಹೊತ್ತಿನಿಂದ ಗಮನಿಸಿರಬೇಕು. ಯಾರು ಬೇಕು ಎಂದು ಮರಾಠಿಯಲ್ಲಿ ಕೂಗಿ ಕೇಳಿದಳು.

ನಾನು ಬಾಯಿ ತೆರೆದೆ. ಹೇಳಲು ನನ್ನ ಬಳಿ ಒಂದು ಹೆಸರಿರಲಿಲ್ಲ.

ಯಾರೂ ಇಲ್ಲ ಎಂದೆ.