ಉತ್ತರಕ್ಕೆ ತಿರುಗಿದ್ದ ಡಿಶ್

ಏಪ್ರಿಲ್ ಬಂತೆಂದರೆ ನಮ್ಮ ಮೇಲಿನ ಮನೆ ಪ್ರೊಫೆಸರರ ಕತ್ತಿನ ಹಿಂದೆ ಬಿಸಿಲಿಗೆ ಚರ್ಮ ಸುಲಿಯುತ್ತಿತ್ತು. ರಿಟೈರಾದ ಮನುಷ್ಯ, ಮಟಮಟ ಮಧ್ಯಾಹ್ನ ಟೆರೇಸಿನಲ್ಲಿ, ಕೇಬಲಿನವರು ಬಿಸಾಡಿದ್ದ ದೊಡ್ಡ ಡಿಶ್ಶಿನ ಪಕ್ಕ ಸ್ಪ್ಯಾನರ್ ಹಿಡಿದು ನಿಂತಿರುತ್ತಿದ್ದರು. ಹೆಬ್ಬಾಳದ ನಮ್ಮ ಬೀದಿಯಲ್ಲಿ ಎಲ್ಲರ ಡಿಶ್ಶೂ ದಕ್ಷಿಣಕ್ಕೆ, ಅವರದೊಂದೇ ಉತ್ತರಕ್ಕೆ.

"ಹಗಲಲ್ಲಿ ಯಾವ ಸ್ಟಾರ್ ಪ್ರೊಫೆಸರ್?" ಎಂದು ಟೀಸ್ ಮಾಡಿದರೆ, "ಬಿಸಿಲಲ್ಲಿ ನಿಮ್ಮನೆ ರೇಡಿಯೋ ಹಾಡಲ್ವಾ ಮೇಡಂ?" ಎನ್ನುವರು. ಎಲ್ಲೋ ಹುಟ್ಟುತ್ತಿರುವ ನಕ್ಷತ್ರದ ಸುತ್ತಲಿನ ಗ್ಯಾಸ್ ಮೋಡದಲ್ಲಿ ಮೆಥನಾಲ್ ಅಣುಗಳೆಲ್ಲ ಒಂದೇ ರೇಡಿಯೋ ಫ್ರೀಕ್ವೆನ್ಸಿಯಲ್ಲಿ ಒಟ್ಟಿಗೆ ಕೂಗುತ್ತವಂತೆ. ಅದಕ್ಕೆ ಮೇಸರ್ ಎಂದು ಹೆಸರು. "ಲೇಸರ್‌ನ ಅಣ್ಣ ಕಣ್ರೀ." ಸರ್ವಿಸ್ ಪೂರ್ತಿ ಇನ್‌ಸ್ಟಿಟ್ಯೂಟಿನ ರೇಡಿಯೋ ಟೆಲಿಸ್ಕೋಪಿನಲ್ಲಿ ಅದನ್ನೇ ಕೇಳಿದವರನ್ನು, ರಿಟೈರಾದ ಮೇಲೆ ಅಲ್ಲಿ ಗೇಟಿನ ಒಳಗೇ ಬಿಡುತ್ತಿರಲಿಲ್ಲ. ಎದೆನೋವು ಬೇರೆ. ಸಾಯುವ ಮೊದಲು ತನ್ನದೇ ಡಿಶ್ಶಿನಲ್ಲಿ ಒಮ್ಮೆ ಹಿಡಿಯಬೇಕು, ಅಷ್ಟೇ ಆಸೆ. ಆ ಮೋಡ ದಿನಾ ಸ್ವಲ್ಪ ಹೊತ್ತು ಡಿಶ್ಶಿನೆದುರು ಹಾದುಹೋಗುತ್ತದೆ. ದಿನದಿನದ್ದನ್ನು ಕೂಡಿಸುತ್ತ ಹೋದರೆ ಗದ್ದಲ ತಗ್ಗಿ ಅದರ ಗುರುತು ಮೇಲೇಳುತ್ತದೆ. ಡಿಶ್ ಮಾತ್ರ ಕೂದಲೆಳೆಯಷ್ಟೂ ಅಲ್ಲಾಡಬಾರದು.

ಒಂದು ಭಾನುವಾರ ಮನೆ ಓನರ್ ಗುಟ್ಕಾ ಅಗಿಯುತ್ತ ಟೆರೇಸಿನಿಂದ ಇಳಿದು ಬಂದು, ಮೆಟ್ಟಿಲ ಬಳಿ ನನ್ನ ಜೊತೆ ಮಾತಾಡುತ್ತಿದ್ದ ಪ್ರೊಫೆಸರಿಗೆ ಹೇಳಿದ. "ಸಾರ್, ನಿಮ್ ಡಿಶ್ಶು ಉಲ್ಟಾ ಇತ್ತು. ಪಾಪ, ಐಪಿಎಲ್ ನೋಡ್ಕೊಳ್ಳಿ ಅಂತ ನಮ್ ಹುಡುಗ್ರ ಕೈಲಿ ತಿರುಗ್ಸಿದೀನಿ."

ಮೂವರೂ ಹೋಗಿ ನೋಡಿದರೆ ಡಿಶ್ ದಕ್ಷಿಣಕ್ಕೆ. ಒಳಗೆಲ್ಲ ಕೆಂಪು ಉಗುಳು, ಕಂಬಿಗೆ ಒಣಹಾಕಿದ ಯಾರದೋ ಬನಿಯನ್. ಕಾನ್ವೆಂಟಿನ ಸಿಸ್ಟರ್ಸ್ ಕಲಿಸಿದ ಮ್ಯಾನರ್ಸೆಲ್ಲ ಮರೆತು, "ಛೀ, ಡಿಸ್ಗಸ್ಟಿಂಗ್! ಮನುಷ್ಯರೇನ್ರೀ ನೀವು?" ಎಂದೆ.

"ಒಳ್ಳೇದ್ ಮಾಡಿದ್ರೂ ಇಂಗಂತೀರಲ್ಲ ಆಂಟಿ," ಎಂದು ಅವನೇ ಮುಖ ಊದಿಸಿಕೊಂಡ.

ಪ್ರೊಫೆಸರ್ ಕರ್ಚೀಫಿನಿಂದ ಉಗುಳು ಒರೆಸಿದರು. "ಮೊದ್ಲಿಂದ ಮಾಡೋಣ ಬಿಡಿ ಮೇಡಂ."

ಮತ್ತೆ ಬೋಲ್ಟು ಬಿಗಿದು ಉತ್ತರಕ್ಕೆ ಕೂರಿಸಿದರು. ನಾನು ಕೊಡೆ ಹಿಡಿದೆ. ಮೇ ಮುಗಿಯುತ್ತ ಬಂದಾಗ, ಡಿಶ್ಶಿಗೆ ಜೋಡಿಸಿದ್ದ ಲ್ಯಾಪ್‌ಟಾಪಿನಲ್ಲಿ ಕಚ್ಚುಕಚ್ಚಾಗಿದ್ದ ಗೆರೆಯ ನಡುವೆ ಒಂದು ಪುಟ್ಟ ಉಬ್ಬು ಎದ್ದು ನಿಂತಿತು. ಮನುಷ್ಯ ಕಣ್ಣೊರೆಸಿಕೊಂಡು, ಮೊದಲು ಕೂಗಿ ಕರೆದದ್ದು ಯಾರನ್ನು? ಆ ಓನರನ್ನು!

"ನೋಡಪ್ಪ, ಸಾವಿರಾರು ವರ್ಷದ ಹಿಂದೆ ಹೊರಟಿದ್ದು, ಇವತ್ತು ನಿನ್ ಮನೆಗೆ ಬಂದಿದೆ."

ಅವನು ಬಗ್ಗಿ ನೋಡಿದ. "ಇಷ್ಟೇನಾ ಸಾರ್?" ಎಂದವನೇ ಪ್ಯಾರಾಪೆಟ್ಟಿನಾಚೆ ಪಿಚಕ್ಕನೆ ಉಗಿದ.

"ಇಷ್ಟೇ ಕಣಪ್ಪ." ಪ್ರೊಫೆಸರ್ ನಗುತ್ತಲೇ ಇದ್ದರು.

ಮಳೆಗಾಲ ಹಿಡಿಯುವ ಮೊದಲೇ ಹೊರಟುಹೋದರು. ವೈಕುಂಠ ಸಮಾರಾಧನೆಯ ಊಟಕ್ಕೆ ಬಂದ ಓನರ್, "ನಮ್ ಸಾರ್ ಏಲಿಯನ್ಸ್ ಜೊತೆ ಮಾತಾಡೋರು" ಎಂದು ಪಂಕ್ತಿಯಲ್ಲೆಲ್ಲ ಕೊಚ್ಚಿಕೊಂಡು, ಎರಡನೇ ಸಲ ಹೋಳಿಗೆ ಹಾಕಿಸಿಕೊಂಡ. ಆ ಉಬ್ಬನ್ನು ಕಣ್ಣಾರೆ ಕಂಡವಳೆಂಬ ಭಾಗ್ಯ ನನಗೆ ಸಿಕ್ಕಿದ್ದು ಪ್ರೊಫೆಸರಿಂದ, ಆ ಋಣ ತೀರುವುದಲ್ಲ. ಆದರೆ ಅದನ್ನು ಕಂಡವರು ಈಗ ಈ ಭೂಮಿಯ ಮೇಲೆ ಇಬ್ಬರೇ: ನಾನು, ಮತ್ತು ಅವನು.