ಎಂಟೆಬ್ಬೆ ಹಕ್ಕಿ

ಮೊನ್ನೆ ಪಲ್ಯಕ್ಕೆಂದು ತಂದ ಬಾಳೆಕಾಯಿ ಎರಡು ಉಳಿದಿತ್ತು. ಎಸೆಯಲು ಮನಸ್ಸು ಬಾರದೆ ಸಿಪ್ಪೆ ತೆಗೆದು, ಬಾಳೆಲೆಯಲ್ಲಿ ಸುತ್ತಿ, ಇಡ್ಲಿ ಪಾತ್ರೆಯಲ್ಲಿಟ್ಟೆ. ಹಬೆ ಏಳುತ್ತಿದ್ದ ಹಾಗೆ ಅಡುಗೆಮನೆಯಲ್ಲೆಲ್ಲ ಒಂದು ವಾಸನೆ ಹರಡಿತು. ಒಗರು, ಎಲೆಯ ಹಸಿರು, ಸ್ವಲ್ಪ ಮಣ್ಣಿನದ್ದೂ... ಒಲೆ ಸಣ್ಣ ಮಾಡಿ ಅಲ್ಲೇ ಸ್ಟೂಲಿನ ಮೇಲೆ ಕುಳಿತುಬಿಟ್ಟೆ. ಬಹರೈನಿನ ಜಿಂಜ್‌ನಲ್ಲಿದ್ದಾಗ ಶುಕ್ರವಾರ ಬೆಳಿಗ್ಗೆ ಎದುರು ಫ್ಲ್ಯಾಟಿನಿಂದ ಬರುತ್ತಿದ್ದ ವಾಸನೆ ಅದು.

ತೊಂಬತ್ತರ ದಶಕದ ಶುರು. ನಾನು ಮದುವೆಯಾಗಿ ಹೊಸದಾಗಿ ಹೋಗಿದ್ದೆ. ನನ್ನ ಗಂಡ ಡಿಪ್ಲೊಮ್ಯಾಟಿಕ್ ಏರಿಯಾದ ಬ್ಯಾಂಕಿಗೆ ಹೊರಟರೆ ನನಗೆ ಮಾತಾಡಲು ಗೋಡೆಯೇ ಗತಿ. ಆಗ ನನ್ನನ್ನು ಕಾಪಾಡಿದವರು ಎದುರು ಮನೆಯ ಬಾಯಿ. ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಗೌರವದಿಂದ ಕರೆಯುವ ಹಾಗೆ ನಾನೂ ಅವರನ್ನು ಬಾಯಿ ಎಂದೇ ಕರೆಯುತ್ತಿದ್ದೆ. ಮಂಗಳೂರಿನವರು, ಒಂದು ಕ್ಲಿನಿಕ್ಕಿನಲ್ಲಿ ನರ್ಸು, ವಯಸ್ಸು ಐವತ್ತರ ಮೇಲೆ. ಸೊಂಟನೋವಿಗೆ ಯಾವಾಗಲೂ ಅಗಲವಾದ ಬೆಲ್ಟು ಕಟ್ಟಿಕೊಂಡು ನೆಟ್ಟಗೆ ನಡೆಯುತ್ತಿದ್ದರು. ನಾಲಗೆ ಮಾತ್ರ ಎತ್ತ ಬೇಕಾದರೂ ಬಾಗುತ್ತಿತ್ತು.

ಬಾಯಿ ಮದುವೆಯಾಗಿ ಹೋದದ್ದು ಉಗಾಂಡಕ್ಕೆ. ಗಂಡ ಎಂಟೆಬ್ಬೆಯಲ್ಲಿ ಸರ್ಕಾರಿ ಕೆಲಸದಲ್ಲಿದ್ದರು. ಎಪ್ಪತ್ತೆರಡರಲ್ಲಿ ಅಲ್ಲಿಯ ಆಡಳಿತ ನಮ್ಮವರನ್ನೆಲ್ಲ ದೇಶ ಬಿಟ್ಟು ಹೋಗಿ ಎಂದಾಗ, ಕಟ್ಟಿದ ಸಂಸಾರವನ್ನು ಎರಡು ಪೆಟ್ಟಿಗೆಗೆ ತುಂಬಿಸಿ ಊರಿಗೆ ಬಂದು, ಅಲ್ಲಿಂದ ಬಹರೈನಿಗೆ ಬಂದವರು. ಮಕ್ಕಳಿರಲಿಲ್ಲ. ಆ ಕಾಲದ ನೆನಪಿಗೆ ಬಾಯಿ ಉಳಿಸಿಕೊಂಡದ್ದು ಹಬೆಯಲ್ಲಿ ಬೇಯಿಸಿದ ಬಾಳೆಕಾಯಿ ಮತ್ತು ನೆಲಗಡಲೆಯ ಗೊಜ್ಜು. ಅವರ ಗಂಡ ಉಳಿಸಿಕೊಂಡದ್ದು ಹಕ್ಕಿಗಳನ್ನು.

ಹೆಂಗಸರಿಗೆ ಬಾಯಿ ಎನ್ನುವ ಹಾಗೆ, ಅವರನ್ನು ಎಲ್ಲರೂ ಪೊರ್ಬುಗಳು ಎನ್ನುತ್ತಿದ್ದರು. ಬಡಕಲು ಮೈ, ತಲೆಗೆ ಬಟ್ಟೆಯ ಟೊಪ್ಪಿ, ಕುತ್ತಿಗೆಗೆ ದುರ್ಬೀನು. ಚಳಿಗಾಲದಲ್ಲಿ ಬಹರೈನಿನ ತುಬ್ಲಿ ಕೊಲ್ಲಿಯ ಕೆಸರು ದಂಡೆಗೆ ರಾಜಹಂಸಗಳು ಬರುತ್ತಿದ್ದವು, ಜೊತೆಗೆ ಉದ್ದ ಕಾಲಿನ ಎಷ್ಟೋ ಹಕ್ಕಿಗಳು. ಪೊರ್ಬುಗಳು ಬೆಳಕು ಹರಿಯುವ ಮೊದಲೇ ಅಲ್ಲಿ ಹಾಜರು. ಇವುಗಳಲ್ಲಿ ಕೆಲವು ಇಲ್ಲಿ ಸುಧಾರಿಸಿಕೊಂಡು ಉಗಾಂಡದವರೆಗೂ ಹಾರುತ್ತವೆ ಎಂದು ಒಮ್ಮೆ ನನಗೆ ಹೇಳಿದ್ದರು. ಹೇಳುವಾಗ ಅವುಗಳ ಮೇಲೆ ಸ್ವಲ್ಪ ಹೊಟ್ಟೆಕಿಚ್ಚು ಇದ್ದ ಹಾಗಿತ್ತು.

ಉಗಾಂಡದಲ್ಲಿ ಹಕ್ಕಿ ನೋಡುವ ಜಾಗಗಳು ಯಾವುವು ಎಂದು ಈಗಲೂ ಕೇಳಿದರೆ ನಾನು ಹೇಳಬಲ್ಲೆ. ಆದರೆ ನನಗೆ ಪಾಠ ಮಾಡಿದವರು ಪೊರ್ಬುಗಳಲ್ಲ, ಬಾಯಿ. ಬಾಯಿಗೆ ಹಕ್ಕಿ ಎಂದರೆ ಸವತಿ. ರಜೆಯ ದಿನ ಬಂದರೆ ಗಂಡ ಕಾರು ಹೊರಡಿಸುತ್ತಿದ್ದರು. ಇವರು ಕಟ್ಲೆಟ್ಟು, ಚಹಾದ ಫ್ಲಾಸ್ಕು, ಕ್ರೋಶಾ ನೂಲು ಹಿಡಿದುಕೊಂಡು ಸಿಟ್ಟಿನಿಂದಲೇ ಹತ್ತುತ್ತಿದ್ದರು. ಹಾಗಾಗಿ ಬುಡೊಂಗೊ ಕಾಡೆಂದರೆ, ಮುಗಿಲಿಗೆ ಹೋದ ಮಹಾಗನಿ ಮರಗಳು, ಮೇಲೆ ನೋಡಿ ನೋಡಿ ಗಂಡನಿಗೆ ಕುತ್ತಿಗೆ ಉಳುಕಿ ವಾರವಿಡೀ ಎಣ್ಣೆ ತಿಕ್ಕಿದ್ದು. ಕಿಬಾಲೆ ಕಾಡೆಂದರೆ, ನೆಲದಲ್ಲಿ ಕುಪ್ಪಳಿಸುವ ಯಾವುದೋ ಹಸಿರು ಹಕ್ಕಿಗಾಗಿ ಮರದ ಬೇರಿನ ಮೇಲೆ ಉಸಿರು ಬಿಗಿಹಿಡಿದು ಕುಳಿತಾಗ ಇವರ ಲಂಗದೊಳಗೆ ಕೆಂಪಿರುವೆ ಹೊಕ್ಕದ್ದು. ಕಜಿಂಗ ಕಾಲುವೆಯಲ್ಲಂತೂ ದೋಣಿಯ ಪಕ್ಕದಲ್ಲೇ ನೀರಾನೆ ಬಾಯಿ ತೆರೆದಿತ್ತಂತೆ. ಗಂಡ ಅದರಾಚೆ ಕಡ್ಡಿಯ ಮೇಲೆ ಕುಳಿತ ಬೆರಳುದ್ದದ ಮಿಂಚುಳ್ಳಿಯನ್ನು ನೋಡುತ್ತಿದ್ದರು.

"ನೀರಾನೆ ನನ್ನನ್ನು ನುಂಗಿದ್ರೂ ಇವ್ರಿಗೆ ಗೊತ್ತಾಗ್ತಿರ್ಲಿಲ್ಲ ಮಾರಾಯ್ತಿ. ಆ ಹಕ್ಕಿ ಹಾರಿದ ಮೇಲೆಯೇ ಹುಡುಕ್ತಿದ್ರು."

ನಾನು ನಗುತ್ತಿದ್ದೆ. ಪೊರ್ಬುಗಳೂ ದುರ್ಬೀನಿನ ಗಾಜು ಒರೆಸುತ್ತ ನಗುತ್ತಿದ್ದರು.

ಒಂದು ಕತೆಯನ್ನು ಮಾತ್ರ ಪೊರ್ಬುಗಳು ತಾವೇ ಹೇಳಬೇಕು. ಎಂಟೆಬ್ಬೆಯಿಂದ ಸ್ವಲ್ಪ ದೂರದಲ್ಲಿ, ದೊಡ್ಡ ಸರೋವರದ ಅಂಚಿಗೆ ಮಬಾಂಬ ಎಂಬ ಜೌಗು. ಆಳೆತ್ತರದ ಜೊಂಡಿನ ನಡುವೆ ಕಿರಿದಾದ ನೀರಿನ ದಾರಿ. ಅಲ್ಲಿ ಬೂಟಿನಂಥ ಕೊಕ್ಕಿನ ಒಂದು ಹಕ್ಕಿ ಉಂಟು, ಶೂಬಿಲ್ ಎಂದು ಹೆಸರು, ಹತ್ತು ವರ್ಷದ ಹುಡುಗನಷ್ಟು ಎತ್ತರ. ಕಂಡರೆ ಆ ದಿನ ಮೀನು ಸಿಗುವುದಿಲ್ಲವೆಂದು ಅಲ್ಲಿಯ ಬೆಸ್ತರಿಗೆ ಭಯ. ಆದರೂ ಒಬ್ಬನನ್ನು ಒಪ್ಪಿಸಿ ಹೋದರಂತೆ. ಜೊಂಡು ಸರಿಸಿದರೆ ಎದುರಿಗೇ ನಿಂತಿದೆ. ಪೊರ್ಬುಗಳು ಭಕ್ತಿಯಿಂದಲೋ ತಮಾಷೆಗೋ ಟೊಪ್ಪಿ ತೆಗೆದು ತಲೆ ಬಗ್ಗಿಸಿದರು. ಹಕ್ಕಿಯೂ ತಲೆ ಬಗ್ಗಿಸಿತು! ಕೊಕ್ಕು ಕಟಕಟ ಮಾಡಿ, ಇನ್ನೊಮ್ಮೆ ಬಗ್ಗಿತು.

ಇದನ್ನು ಯಾರು ನಂಬುತ್ತಾರೆ? ಶುಕ್ರವಾರ ಊರಿನವರೆಲ್ಲ ಚರ್ಚಿನ ಹಾಲ್‌ನಲ್ಲಿ ಸೇರುವ ಊಟಗಳಲ್ಲಿ ನಮ್ಮ ಗಂಡಸರು ಬೇಕೆಂದೇ ಅವರಿಂದ ಹೇಳಿಸಿ, ಹಕ್ಕಿ ಕೈಕುಲುಕಲಿಲ್ಲವೇ, ಚಹಾಕ್ಕೆ ಕರೆಯಲಿಲ್ಲವೇ ಎಂದು ಕಿಚಾಯಿಸುತ್ತಿದ್ದರು. ಆಮೇಲೆ ಸಾಕ್ಷಿಗೆಂದು ಎಲ್ಲರೂ ಬಾಯಿಯ ಕಡೆಗೆ ತಿರುಗುತ್ತಿದ್ದರು. ಬಾಯಿ ಆ ದೋಣಿಯಲ್ಲೇ ಇದ್ದರು. ಆದರೆ ಅಂದು ಬೆಳಿಗ್ಗೆ ಗಂಡನೊಡನೆ ಜಗಳವಾಗಿ ಅವರಿಗೆ ಬೆನ್ನು ಹಾಕಿ ಕುಳಿತಿದ್ದರು. ತಿರುಗು, ಒಮ್ಮೆ ತಿರುಗು ಎಂದು ಗಂಡ ಪಿಸುಗುಟ್ಟಿದರೂ ತಿರುಗಿರಲಿಲ್ಲ.

"ನಾನು ನೋಡ್ಲಿಲ್ಲಪ್ಪ. ಅದು ನನ್ನ ಬೆನ್ನು ನೋಡಿರ್ಬಹುದು" ಎನ್ನುತ್ತಿದ್ದರು. ಹಾಲ್ ಇಡೀ ನಗು. ಅಂತೂ ನಮ್ಮ ಬಳಗದಲ್ಲಿ ಅದೊಂದು ಗಾದೆಯೇ ಆಗಿಹೋಯಿತು. ಯಾರಾದರೂ ಬುರುಡೆ ಬಿಟ್ಟರೆ, ‘ಎಂಟೆಬ್ಬೆ ಹಕ್ಕಿ ಬಿಟ್ಟ’ ಎನ್ನುವುದು. ನಾನೂ ಅಂದಿದ್ದೇನೆ, ಎಲ್ಲರೂ ಅಂದಿದ್ದಾರೆ.

ಪೊರ್ಬುಗಳು ಒಂದು ಬೇಸಿಗೆಯಲ್ಲಿ ಎದೆನೋವೆಂದು ಆಸ್ಪತ್ರೆಗೆ ಹೋದವರು ಮನೆಗೆ ಬರಲಿಲ್ಲ. ಊರಿನಲ್ಲಿ ಮಣ್ಣು ಮಾಡಿ ಬಾಯಿ ಕೆಲಸಕ್ಕೆ ಮರಳಿದರು. ಅದೇ ನಡಿಗೆ, ಅದೇ ನಾಲಗೆ. ಗಂಡನ ವರ್ಷಾಂತಿಕದ ಪೂಜೆ ಚರ್ಚಿನಲ್ಲಿ ಮುಗಿದು ಊಟಕ್ಕೆ ಕುಳಿತಾಗ, ಆಗಷ್ಟೇ ಊರಿನಿಂದ ಬಂದಿದ್ದ ಒಬ್ಬ ಯುವಕ ಗೆಳೆಯನ ಯಾವುದೋ ಮಾತಿಗೆ, "ಬಿಡಾ ನಿನ್ನ ಎಂಟೆಬ್ಬೆ ಹಕ್ಕಿ!" ಎಂದ. ಪಾಪ, ಅವನ ತಪ್ಪಿಲ್ಲ. ಆ ಹಕ್ಕಿ ಯಾರದೆಂದು ಅವನಿಗೆ ಗೊತ್ತೇ ಇರಲಿಲ್ಲ. ಬಾಯಿ ಅವನ ಮುಖವನ್ನೇ ನೋಡುತ್ತಿದ್ದರು. ತಟ್ಟೆಯಲ್ಲಿದ್ದದ್ದು ಹಾಗೆಯೇ ಉಳಿಯಿತು.

ಮೆಟ್ಟಿಲು ಹತ್ತುವಾಗ ನನಗೆ ಹೇಳಿದರು. "ಇವ್ರ ಹೆಸರು ಹೋಯ್ತು, ಸುಳ್ಳು ಒಂದು ಉಳೀತು ನೋಡು. ನಾನು ಅವತ್ತು ಒಮ್ಮೆ ತಿರುಗಿದ್ರೆ ಆಗ್ತಿತ್ತು."

ಆ ವರ್ಷ ಅವರಿಗೆ ರಜೆ ಸಿಗಬೇಕಿತ್ತು. ಗಲ್ಫಿನಲ್ಲಿದ್ದವರಿಗೆ ಗೊತ್ತು, ಎರಡು ವರ್ಷಕ್ಕೊಮ್ಮೆ ಸಿಗುವ ರಜೆಯೆಂದರೆ ಊರು, ಊರೆಂದರೆ ರಜೆ. ಬೇರೆ ಕಡೆ ಹೋಗುವುದೆಂದರೆ ಮದುವೆ ಮನೆಯಿಂದ ಎದ್ದು ಸರ್ಕಸ್ಸಿಗೆ ಹೋದ ಹಾಗೆ. ಬಾಯಿ ಉಗಾಂಡಕ್ಕೆ ಹೊರಟರು. ಊರಿನಿಂದ ತಮ್ಮ ಫೋನು ಮಾಡಿ ಕೂಗಾಡಿದ. ಓಡಿಸಿದವರ ಮನೆಗೇ ನೆಂಟಸ್ತಿಕೆಗೆ ಹೋಗುವುದೇ ಎಂದು ನನ್ನ ಗಂಡನೂ ಕೇಳಿದರು. ಹಕ್ಕಿ ಬಗ್ಗಿದರೆ ನಮಗೂ ಒಂದು ನಮಸ್ಕಾರ ತನ್ನಿ ಎಂದು ಬಳಗದವರು ನಕ್ಕರು. ಬಾಯಿ ಗಂಡನ ದುರ್ಬೀನನ್ನು ಚೀಲದಲ್ಲಿಟ್ಟುಕೊಂಡು ನೈರೋಬಿ ಮೇಲಾಗಿ ಹೋದರು. ನನಗೆ ಒಳಗೊಳಗೇ ಹೆದರಿಕೆ. ಹಕ್ಕಿ ಸಿಗದಿದ್ದರೆ ಈ ಹೆಂಗಸು ಹೇಗೆ ತಡೆದುಕೊಳ್ಳುತ್ತದೆ ಎಂದು.

ಹಕ್ಕಿ ಸಿಕ್ಕಿತ್ತು. ಬಂದ ದಿನ ನನ್ನನ್ನು ಕರೆದು ಕೂರಿಸಿ ಎಲ್ಲವನ್ನೂ ಹೇಳಿದರು. ಎಂಟೆಬ್ಬೆಯ ಅವರ ಮನೆಯಲ್ಲಿ ಈಗ ಬೇರೆ ಯಾರೋ ಇದ್ದರಂತೆ, ಸರೋವರದ ದಂಡೆಯ ಹೂತೋಟ ಹಾಗೆಯೇ ಇತ್ತಂತೆ. ಮಬಾಂಬದಲ್ಲಿ ಮೊದಲ ದಿನ ಜೊಂಡು ಬಿಟ್ಟು ಏನೂ ಇಲ್ಲ. ಮರುದಿನ ದೋಣಿಯವನು ಕೈ ತೋರಿಸಿದ. ಬೂದು ಬಣ್ಣದ್ದು, ಎದುರಿಗೇ, ಅಷ್ಟು ಹತ್ತಿರ. ಬಾಯಿ ಸೊಂಟದ ಬೆಲ್ಟು ಬಿಗಿದು ಕೋಲಿನ ಹಾಗೆ ನೆಟ್ಟಗೆ ಕುಳಿತು ಕಾದರಂತೆ. ಬಿಸಿಲು ನೆತ್ತಿಗೆ ಬಂತು.

"ಕಲ್ಲಿನ ಹಾಗೆ ನಿಂತಿತ್ತು ಮಗಾ. ಕಣ್ಣು ಮುಚ್ಚಿ ತೆರೀತು, ಅಷ್ಟೇ. ಬಗ್ಗಲಿಲ್ಲ."

ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಗಂಡ ಸತ್ತಾಗಲೂ ನನ್ನೆದುರು ಅತ್ತಿರಲಿಲ್ಲ. ನಾನು ಚಹಾ ಮಾಡಿ ತಂದೆ... ಆ ಚಹಾ ಆರಿಹೋಯಿತು.

ಮುಂದಿನ ಶುಕ್ರವಾರ ಚರ್ಚಿನ ಹಾಲ್‌ನಲ್ಲಿ ಯಾರದೋ ಹುಟ್ಟುಹಬ್ಬ. ಬಿರಿಯಾನಿಯ ತಟ್ಟೆ ಕೈಗೆ ಬರುವ ಮೊದಲೇ ಒಬ್ಬರು ಶುರು ಮಾಡಿದರು, "ಎಂತ ಬಾಯಿ, ಬಗ್ಗಿತಾ ಹಕ್ಕಿ?" ಎಲ್ಲರೂ ನಗಲು ತಯಾರಾಗಿ ತಿರುಗಿದರು.

ಬಾಯಿ ಎದ್ದು ನಿಂತರು. "ಬಗ್ಗಿತು. ಈ ಕಣ್ಣಲ್ಲಿ ನೋಡಿದ್ದೇನೆ."

"ಹೇಗೆ ಬಗ್ಗಿತು?"

ಬಾಯಿ ಒಂದು ಕೈಯಲ್ಲಿ ಕುರ್ಚಿಯ ಬೆನ್ನು ಹಿಡಿದುಕೊಂಡರು. ನೆಲಕ್ಕೆ ಬಿದ್ದ ಸೂಜಿಯನ್ನೂ ನನ್ನಿಂದ ಹೆಕ್ಕಿಸುತ್ತಿದ್ದ ಹೆಂಗಸು, ಹಲ್ಲು ಕಚ್ಚಿ, ನಿಧಾನವಾಗಿ, ಪೂರ್ತಿ ಬಗ್ಗಿದರು. ಒಮ್ಮೆ ನೆಟ್ಟಗಾಗಿ ಮತ್ತೊಮ್ಮೆ ಬಗ್ಗಿದರು. ಯಾರೂ ನಗಲಿಲ್ಲ. "ಇವ್ರು ಹೇಳಿದ್ದು ಸರಿ ಉಂಟು. ಇನ್ನು ಯಾರೂ ಆ ಮಾತು ಆಡ್ಬೇಡಿ" ಎಂದು ಕುಳಿತುಕೊಂಡರು. ನಾನು ಅವರ ಕಡೆ ನೋಡಲೇ ಇಲ್ಲ, ನೋಡಿದ್ದರೆ ನನ್ನ ಮುಖವೇ ಎಲ್ಲವನ್ನೂ ಹೇಳಿಬಿಡುತ್ತಿತ್ತು. ಅಂದು ಅವರ ಮೇಲೆ ನನಗೆ ಹುಟ್ಟಿದ ಪ್ರೀತಿ ಇವತ್ತಿಗೂ ಕಡಿಮೆಯಾಗಿಲ್ಲ.

ಆ ಗಾದೆ ನಮ್ಮ ಬಳಗದಲ್ಲಿ ಅಲ್ಲಿಗೇ ನಿಂತಿತು. ದಶಕ ಮುಗಿಯುವ ಮೊದಲು ಬಾಯಿ ನಿವೃತ್ತರಾಗಿ ಮಂಗಳೂರಿಗೆ ಹೋದರು. ಕೆಲವು ವರ್ಷ ಕ್ರಿಸ್‌ಮಸ್ಸಿಗೆ ಕಾರ್ಡು ಬರುತ್ತಿತ್ತು, ಆಮೇಲೆ ಅವರು ತೀರಿಕೊಂಡ ಸುದ್ದಿ ಬಂತು. ಬಳಗವೂ ಚದುರಿತು. ನಾವೂ ಬಹರೈನ್ ಬಿಟ್ಟು ಬಂದೆವು.

ಮೊನ್ನೆ ಬಾಳೆಕಾಯಿ ಬೇಯುವಷ್ಟು ಹೊತ್ತು ಸುಮ್ಮನೆ ಕೂರುವುದೇಕೆಂದು ಮೊಬೈಲಿನಲ್ಲಿ ಆ ಹಕ್ಕಿಯ ಹೆಸರು ಹಾಕಿ ಹುಡುಕಿದೆ. ಇಷ್ಟು ವರ್ಷ ಇದು ನನಗೆ ಹೊಳೆದೇ ಇರಲಿಲ್ಲ. ಒಂದು ವಿಡಿಯೋ ಬಂತು. ಎಂಟೆಬ್ಬೆಯದ್ದೇ. ಬೇಲಿಯೊಳಗೆ ಒಂದು ಬೂದು ಹಕ್ಕಿ, ಎದುರಿಗೆ ಯಾರೋ ಪ್ರವಾಸಿ. ಆತ ಸೊಂಟ ಬಗ್ಗಿಸಿ ನಮಸ್ಕರಿಸಿದ. ಹಕ್ಕಿ ಸ್ವಲ್ಪ ಹೊತ್ತು ನೋಡಿತು. ಆಮೇಲೆ ಅಷ್ಟು ದೊಡ್ಡ ತಲೆಯನ್ನು ನೆಲದವರೆಗೆ ಬಗ್ಗಿಸಿತು, ಕೊಕ್ಕು ಕಟಕಟ ಮಾಡಿ ಇನ್ನೊಮ್ಮೆ ಬಗ್ಗಿತು. ನಾವು ಮೊದಲು ಬಗ್ಗಬೇಕು, ಇಲ್ಲದಿದ್ದರೆ ಸುಮ್ಮನೆ ನಿಂತಿರುತ್ತದೆ ಎಂದು ಜೊತೆಗಿದ್ದವನು ಹೇಳುತ್ತಿದ್ದ.

ಬಾಯಿ ಬಗ್ಗಿರಲಿಲ್ಲ. ಆ ಸೊಂಟ ಹಿಡಿದುಕೊಂಡು, ದೋಣಿಯಲ್ಲಿ, ಹೇಗೆ ಬಗ್ಗಿಯಾರು...

ವಿಡಿಯೋವನ್ನು ಎಷ್ಟು ಸಲ ನೋಡಿದೆನೋ, ಪಾತ್ರೆಯ ನೀರು ಆರಿ ಬಾಳೆಕಾಯಿ ಸೀದುಹೋಯಿತು. ತೋರಿಸಲು ಬಾಯಿ ಇಲ್ಲ, ಕಿಚಾಯಿಸಿದವರಲ್ಲಿ ಯಾರು ಎಲ್ಲಿದ್ದಾರೋ ಗೊತ್ತಿಲ್ಲ. ಗಂಡ ಸುಳ್ಳು ಹೇಳಿದ್ದರೆಂದೇ ತಿಳಿದು, ಆ ಸುಳ್ಳನ್ನು ತಾವು ಹೊತ್ತುಕೊಂಡು, ಅವರನ್ನು ಕ್ಷಮಿಸಿ ಆ ಹೆಂಗಸು ಹೋಗಿಬಿಟ್ಟಿತು. ಕ್ಷಮಿಸಲಿಕ್ಕೆ ಅಲ್ಲಿ ಏನೂ ಇರಲಿಲ್ಲ.