ಖಣದ ಮಗ್ಗಕ್ಕೊಂದು ರೀಸೆಟ್

ನನ್ನ ಕೆಲಸವೇನೆಂದು ಚಿಗವ್ವನಿಗೆ ಒಮ್ಮೆ ವಿವರಿಸಿದ್ದೆ. ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್‌ಗೂ ಅದಕ್ಕೆ ಜೋಡಿಸಿದ ಯಂತ್ರಕ್ಕೂ ನಡುವೆ ಮಾತು ಸಾಗಿಸುವ ಒಂದು ಪ್ರೋಗ್ರಾಮ್ ಇರುತ್ತದೆ, ಅದಕ್ಕೆ ಡ್ರೈವರ್ ಎನ್ನುತ್ತಾರೆ, ನಾನು ಅದನ್ನು ಬರೆಯುತ್ತೇನೆ ಎಂದು. ಅವಳು ಗುಳೇದಗುಡ್ಡದ ತನ್ನ ಓಣಿಗೆಲ್ಲ ನಾನು ಡ್ರೈವರ್ ಕೆಲಸಕ್ಕೆ ಸೇರಿದ್ದೇನೆಂದು ಹೇಳಿಬಿಟ್ಟಳು. ಮುಂದಿನ ಸಲ ಹೋದಾಗ ಎದುರು ಮನೆಯ ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹೆಣ್ಮಕ್ಕಳೂ ಬಸ್ ಹೊಡಿಯೂದು ಚಲೋನ ಆತು ಬಿಡವಾ. ಯಾವ ಡಿಪೋ?" ಎಂದು ಕೇಳಿದಳು. ನಾನು "ಇಳಕಲ್" ಎಂದೆ. ಅಲ್ಲಿ ಮನೆಯಲ್ಲೇ ಕುಳಿತು ಕೆಲಸ ಮಾಡುವವಳು ಇನ್ನೇನು ಹೇಳಲಿ.

ಚಿಗವ್ವನ ವಿದ್ಯುತ್ ಮಗ್ಗಕ್ಕೆ ನಮ್ಮ ಕಂಪನಿಯದೇ ಪೆಟ್ಟಿಗೆ ಹಾಕಿದ್ದರು. ರವಿಕೆಯ ಖಣದ ಮೇಲಿನ ನವಿಲಿನ ನಮೂನೆಯನ್ನು ಸಾಲು ಸಾಲಾಗಿ ಓದಿ, ಯಾವ ಎಳೆ ಏಳಬೇಕು, ಯಾವುದು ಕೂರಬೇಕು ಎಂದು ಒಂದು ಚಿಪ್‌ಗೆ ಹೇಳುವ ಪುಟ್ಟ ಕಂಪ್ಯೂಟರ್ ಅದು. ಒಂದು ಬೆಳಿಗ್ಗೆ ಅವಳ ಫೋನ್ ಬಂತು.

"ನವಲಿನ ಕುತ್ತಿಗಿ ಗೇಣುದ್ದ ಆಗೇದ. ಬಂದು ನೋಡು."

ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡು, ಗುಡೂರಿನ ಮೇಲೆ ಹೋಗುವ ಬಸ್ ಹತ್ತಿದೆ. ನಾನು ತಲುಪುವಷ್ಟರಲ್ಲಿ ಆ ಬಟ್ಟೆ ಮಾರಿಯೂ ಆಗಿತ್ತು. "ಹೊಸಾ ಡಿಸೈನ್ ಅಂದೆ, ತಗೊಂಡು ಹೋದ್ರು," ಎಂದಳು, ಮುಖದಲ್ಲಿ ಒಂದಿಷ್ಟೂ ನಗೆಯಿಲ್ಲದೆ.

ಪಕ್ಕದ ಮನೆಯವರು ನೀರಿನ ಮೋಟಾರು ಹಾಕಿದಾಗೆಲ್ಲ ಕರೆಂಟು ಒಂದು ಕ್ಷಣ ಕುಗ್ಗುತ್ತಿತ್ತು. ಆಗ ಚಿಪ್ ಕಿವುಡಾಗುತ್ತಿತ್ತು. ಡ್ರೈವರ್ ಹೊಸ ಸಾಲು ಹೇಳುತ್ತಲೇ ಇರುತ್ತಿತ್ತು, ಚಿಪ್ ಹಳೆಯದನ್ನೇ ಹಿಡಿದು ಕೂರುತ್ತಿತ್ತು, ಮಗ್ಗ ಅದನ್ನೇ ಮತ್ತೆ ಮತ್ತೆ ನೇಯುತ್ತಿತ್ತು. ಗೋಡೆಯ ಸ್ವಿಚ್ ಆರಿಸಿ ಹಾಕಿದರೆ ಎಲ್ಲ ಸರಿಯಾಗುತ್ತಿತ್ತು ನಿಜ. ಆದರೆ ನಮೂನೆ ಮೊದಲ ಸಾಲಿನಿಂದ ಶುರುವಾಗಿ, ಅರ್ಧ ನವಿಲಿನ ಬೆನ್ನ ಮೇಲೆ ಇನ್ನೊಂದು ನವಿಲು ಹತ್ತಿ ಕೂತಿರುತ್ತಿತ್ತು.

ಬೋರ್ಡಿನ ನಕ್ಷೆ ತೆಗೆದು ನೋಡಿದೆ. ಇಡೀ ಪೆಟ್ಟಿಗೆಯನ್ನು ಆರಿಸದೆ ಆ ಚಿಪ್ ಒಂದನ್ನೇ ಹೊಸದಾಗಿ ಎಬ್ಬಿಸಲು ರೀಸೆಟ್ ತಂತಿಯನ್ನು ಮೊದಲೇ ಕೊಟ್ಟಿದ್ದರು. ಡ್ರೈವರ್ ಮಾತ್ರ ಅದನ್ನು ಮುಟ್ಟುತ್ತಲೇ ಇರಲಿಲ್ಲ. ಮಗ್ಗದ ಪಕ್ಕದಲ್ಲೇ ಚಾಪೆ ಹಾಸಿಕೊಂಡು ಬರೆಯತೊಡಗಿದೆ: ಚಿಪ್ ಉತ್ತರ ಕೊಡದಿದ್ದರೆ ಮಗ್ಗ ತಡೆ, ಆ ತಂತಿಯಿಂದ ಚಿಪ್ ಮಲಗಿಸು, ಎಬ್ಬಿಸು, ನಿಂತ ಸಾಲಿನಿಂದಲೇ ಮುಂದುವರಿಸು.

ಮೊದಲ ಸಲ ಅದನ್ನು ಪೆಟ್ಟಿಗೆಗೆ ಹಾಕಿದಾಗ ಮಗ್ಗ ಅಲುಗಲೇ ಇಲ್ಲ. ಆ ತಂತಿಯಲ್ಲಿ ವಿದ್ಯುತ್ ಇಳಿದಾಗ ಚಿಪ್ ಮಲಗುತ್ತದೆ, ಏರಿದಾಗ ಏಳುತ್ತದೆ. ನಾನು ತಿರುವುಮುರುವು ಬರೆದಿದ್ದೆ.

"ಮದಲ ಕಿವುಡ ಇತ್ತು. ಈಗ ಕುಂಭಕರ್ಣ ಆತು," ಎಂದಳು ಚಿಗವ್ವ.

ತಿದ್ದಿದೆ. ಈಗ ಚಿಪ್ ಎದ್ದಿತು, ಆದರೆ ಒಮ್ಮೆ ಸರಿಯಾಗಿ, ಇನ್ನೊಮ್ಮೆ ಏನೇನೋ ಉತ್ತರ ಕೊಟ್ಟಿತು. ಕೈಪಿಡಿ ಓದಿದರೆ, ರೀಸೆಟ್ ಆದಮೇಲೆ ಕೆಲವು ಮಿಲಿಸೆಕೆಂಡ್ ಅದನ್ನು ಮಾತಾಡಿಸಬಾರದು ಎಂದಿತ್ತು. ನಾನು ಎಬ್ಬಿಸಿದ ಕೂಡಲೇ ಮಾತಾಡಿಸುತ್ತಿದ್ದೆ. ಇದನ್ನು ಚಿಗವ್ವನಿಗೆ ಹೇಳಿದೆ. ಅವಳು ಒಳಗೆ ಮಧ್ಯಾಹ್ನದ ನಿದ್ದೆಯಲ್ಲಿದ್ದ ಕಾಕಾನ ಕಡೆ ಕೈ ತೋರಿಸಿ, "ಇವರದೂ ಅದ ಜಾತಿ. ಎದ್ದ ಮ್ಯಾಲೆ ಒಂದು ತಾಸು ಬಿಡಬೇಕು," ಎಂದಳು. ನಾನು ಅಷ್ಟು ಬಿಡಲಿಲ್ಲ. ಕೈಪಿಡಿ ಹೇಳಿದ್ದಕ್ಕಿಂತ ತುಸು ಹೆಚ್ಚು ಕಾಯಲು ಬರೆದೆ.

ಇನ್ನು ಪರೀಕ್ಷೆ. ಅದಕ್ಕೆ ಕರೆಂಟು ಕುಗ್ಗಬೇಕು. ಚಿಗವ್ವ ಗೋಡೆಯಾಚೆ ಕೂಗಿದಳು.

"ಅಣ್ಣಾರ, ಮೋಟಾರು ಹಾಕ್ರಿ ಒಮ್ಮೆ."

"ಟಾಕಿ ತುಂಬೇದಲ್ರಿ ಅಕ್ಕಾರ."

"ಇರಲಿ, ಹಾಕ್ರಿ. ನಮ್ಮ ಹುಡಿಗಿ ಡ್ರೈವರಿಕಿ ಕಲ್ಯಾಕತ್ತಾಳ."

ಅವರು ಏನು ಅರ್ಥಮಾಡಿಕೊಂಡರೋ, ಮೋಟಾರು ಹಾಕಿದರು. ದೀಪ ಮಂಕಾಯಿತು. ಪೆಟ್ಟಿಗೆಯಲ್ಲಿ ಚಿಪ್‌ನ ಹಸಿರು ದೀಪ ಆರಿ ಹತ್ತಿತು. ಮಗ್ಗ ಒಂದು ಕ್ಷಣ ತಡೆದು ಮುಂದೆ ನಡೆಯಿತು. ನಾವಿಬ್ಬರೂ ಬಗ್ಗಿ ನೋಡಿದೆವು. ನವಿಲಿನ ಕೊರಳು ಎಷ್ಟಿರಬೇಕೋ ಅಷ್ಟೇ ಇತ್ತು, ಅದರ ಮೇಲೆ ತಲೆ, ತಲೆಯ ಮೇಲೆ ತುರಾಯಿ. ಒಂದು ಸಾಲೂ ತಪ್ಪಿರಲಿಲ್ಲ. ನನಗೆ ಎಷ್ಟು ಸಂತೋಷವಾಯಿತೆಂದರೆ, ಇನ್ನೊಮ್ಮೆ ಹಾಕಿಸಿದೆ, ಮತ್ತೊಮ್ಮೆ ಹಾಕಿಸಿದೆ. ಪಕ್ಕದ ಮನೆಯ ನೀರಿನ ಟಾಕಿ ಉಕ್ಕಿ, ಮಾಳಿಗೆಯಿಂದ ನೀರು ಓಣಿಗೆ ಸುರಿಯತೊಡಗಿತು. ಎದುರು ಮನೆಯ ಅಜ್ಜಿ ಕೊಡ ತಂದು ಅದರ ಕೆಳಗೆ ಹಿಡಿದಳು.

ಸಂಜೆ ಆ ಬದಲಾವಣೆಯನ್ನು ಕಂಪನಿಗೆ ಕಳಿಸಿದೆ. ಅಲ್ಲಿಯ ಹಿರಿಯ ಎಂಜಿನಿಯರರು ಇದನ್ನು ಹೇಗೆ ಪರೀಕ್ಷೆ ಮಾಡಿದಿರಿ ಎಂದು ಕೇಳಿದರು. "ಪಕ್ಕದ ಮನೆಯವರ ಸಹಾಯದಿಂದ," ಎಂದು ಬರೆದೆ. ಅವರು ಮತ್ತೇನೂ ಕೇಳದೆ ಒಪ್ಪಿಕೊಂಡರು.